ಕೋಲ್ಬೇರ್ ತಂದ ಬೆಳ್ಳಿ ಯಾರದು?

ಆರ್ಥಿಕ ಇತಿಹಾಸದ ಉತ್ತರ ಪತ್ರಿಕೆ ತಿದ್ದುವಾಗ, ಹದಿನೇಳನೇ ಶತಮಾನದ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ ಮತ್ತು ಅವನ ಹಣಕಾಸು ಮಂತ್ರಿ ಕೋಲ್ಬೇರ್ ಬಗ್ಗೆ ಪ್ರತಿ ವರ್ಷವೂ ಈ ಸಾಲು ಸಿಕ್ಕೇ ಸಿಗುತ್ತದೆ: ‘ರಫ್ತು ಹೆಚ್ಚಿತು, ಬೆಳ್ಳಿ ಬಂತು, ಹದಿನಾಲ್ಕನೇ ಲೂಯಿಯ ಖಜಾನೆ ತುಂಬಿತು.’ ಮೊದಲೆರಡು ಇರಲಿ. ಮೂರನೆಯದು ಎಲ್ಲಿಂದ ಬಂತು ಮಾರಾಯ್ರೆ?

ಫ್ರಾನ್ಸಿನ ಬ್ರಿಟನಿ ಕರಾವಳಿಯ ಒಬ್ಬ ವ್ಯಾಪಾರಿ ಲಿನನ್ ಬಟ್ಟೆಯನ್ನು ಸ್ಪೇನಿನ ಕಾಡಿಸ್ ಬಂದರಿಗೆ ಕಳಿಸಿ ಬೆಳ್ಳಿ ತಂದ ಅಂದುಕೊಳ್ಳಿ. ಆ ಬೆಳ್ಳಿ ವ್ಯಾಪಾರಿಯದು, ರಾಜನದಲ್ಲ. ಅದರಲ್ಲಿ ಅವನು ನೇಕಾರನಿಗೆ ಕೂಲಿ ಕೊಡುತ್ತಾನೆ. ನೇಕಾರ ರೊಟ್ಟಿ ಕೊಳ್ಳುತ್ತಾನೆ. ಹೀಗೆ ಸುತ್ತಿ ಸುತ್ತಿ ರೈತನ ಕೈಗೂ ನಾಲ್ಕು ಕಾಸು ಬರುತ್ತದೆ. ಆಗಷ್ಟೇ ಅವನು ತೆರಿಗೆ ಕಟ್ಟಬಲ್ಲ. ಕೋಲ್ಬೇರನ ಲೆಕ್ಕ ಇದು. ಊರಲ್ಲಿ ನಾಣ್ಯವೇ ಓಡಾಡದಿದ್ದರೆ ತೆರಿಗೆ ಎತ್ತೋದು ಹೇಗೆ? ಮತ್ತೊಮ್ಮೆ ಹೇಳುತ್ತೇನೆ, ದೇಶಕ್ಕೆ ಬಂದ ಹಣ ಬೇರೆ, ಖಜಾನೆಗೆ ಬಂದ ಹಣ ಬೇರೆ.

ಇವೆರಡರ ನಡುವೆ ಕೂತಿದ್ದವರು ತೆರಿಗೆ ಗುತ್ತಿಗೆದಾರರು. ಉಪ್ಪಿನ ತೆರಿಗೆಯ ವಸೂಲಿ ಅವರದೇ. ಒಪ್ಪಿದ ಮೊತ್ತ ರಾಜನಿಗೆ, ಮಿಕ್ಕಿದ್ದು ಅವರಿಗೆ. 1661ರ ಹೊತ್ತಿಗೆ ಜನ ಕಟ್ಟಿದ್ದರಲ್ಲಿ ಅರ್ಧವೂ ಖಜಾನೆ ಮುಟ್ಟುತ್ತಿರಲಿಲ್ಲ ಅನ್ನುತ್ತಾರೆ. ಆ ಕಾಲದ ಅಂಕಿಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಆದರೂ ಕೋಲ್ಬೇರನಿಗೆ ಬೇಗ ಕೈಗೆ ಸಿಕ್ಕ ಲಾಭ ಇಲ್ಲಿಯದೇ. ಲೇವಾದೇವಿಗಾರರನ್ನು ವಿಚಾರಣೆಗೆ ಎಳೆದ. ಹಳೆ ಸಾಲದ ಬಡ್ಡಿ ಕಡಿದ. ತೆರಿಗೆ ತಪ್ಪಿಸಲು ಕುಲೀನರೆಂದು ಸುಳ್ಳು ಹೇಳಿಕೊಂಡವರ ಕಾಗದಪತ್ರ ಕೆದಕಿಸಿದ. ಈ ಕೊನೆಯ ಕೆಲಸಕ್ಕಾಗಿ ನನಗೆ ಆ ಸಿಡುಕು ಮನುಷ್ಯನ ಮೇಲೆ ಒಂಚೂರು ಪ್ರೀತಿ.

ಪರೀಕ್ಷೆಯಲ್ಲಿ ಎಲ್ಲರೂ ಉರು ಹೊಡೆದು ಬರೆಯುವ 1667ರ ಸುಂಕದ ಕಥೆ ಕೇಳಿ. ಡಚ್ ಬಟ್ಟೆ ತಡೆಯಲು ಹಾಕಿದ್ದು. 1672ರ ಯುದ್ಧಕ್ಕೆ ಅದೂ ಒಂದು ಕಾರಣ. ಯುದ್ಧದ ಖರ್ಚಿಗೆ ಕೋಲ್ಬೇರನೇ ಮತ್ತೆ ಸಾಲ ಎತ್ತಿದ, ಸರ್ಕಾರಿ ಹುದ್ದೆ ಮಾರಿದ. 1678ರ ಒಪ್ಪಂದದಲ್ಲಿ ಡಚ್ಚರ ಪಾಲಿಗೆ ಆ ಸುಂಕವೇ ಹೋಯಿತು.

‘ಅರಮನೆಯಲ್ಲಿ ಬೆಳ್ಳಿ ಇರಲಿಲ್ವಾ ಸರ್?’ ಅಂತ ಒಬ್ಬ ಹುಡುಗ ಕೇಳಿದ್ದ. ಇತ್ತಪ್ಪಾ. ವರ್ಸೈನಲ್ಲಿ ಮೇಜು, ದೀಪದ ಕಂಬ ಕೂಡ ಬೆಳ್ಳಿಯವು. 1689ರಲ್ಲಿ ಯುದ್ಧಕ್ಕೆ ದುಡ್ಡು ಸಾಲದೆ ಲೂಯಿ ಅವನ್ನು ಕರಗಿಸಿದ. ಮಾಡಿಸಿದ ಖರ್ಚಿಗಿಂತ ಬಹಳ ಕಡಿಮೆ ಹುಟ್ಟಿತು. ಕೊನೆಗೆ 1695ರಲ್ಲಿ ಕುಲೀನರೂ ಕಟ್ಟಬೇಕಾದ ತಲೆಗಂದಾಯ ಬಂತು. ಒಟ್ಟು 22 ದರ್ಜೆ. ಮೊದಲನೆಯದಕ್ಕೆ 2000 ಲಿವ್ರ್ (ಆಗಿನ ಫ್ರಾನ್ಸಿನ ಹಣ). ಅದರಲ್ಲಿ ಯುವರಾಜನ ಪಕ್ಕದಲ್ಲೇ ತೆರಿಗೆ ಗುತ್ತಿಗೆದಾರರನ್ನೂ ಕೂರಿಸಿದ್ದರು.