ಪುಣೆ–ಹುಬ್ಬಳ್ಳಿ ಹೈಬ್ರಿಡ್ ವಿಮಾನ: ತೂಕದ ಲೆಕ್ಕ

ಪುಣೆಯ ಸ್ವಾರ್‌ಗೇಟ್ ಬಸ್ ನಿಲ್ದಾಣದಲ್ಲಿ ರಾತ್ರಿ ಹೊತ್ತು ನಿಂತರೆ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಹಬ್ಬ ಬಂತೆಂದರೆ ಊರಿನ ಬಸ್ ಸೀಟಿಗೆ ಪರದಾಟ. ಇಲ್ಲಿಂದ ಹುಬ್ಬಳ್ಳಿಗೆ ಆಕಾಶದಲ್ಲಿ ಗೆರೆ ಎಳೆದರೆ ಸುಮಾರು 380 ಕಿ.ಮೀ. ಎಣ್ಣೆಯ ಎಂಜಿನ್ ಜೊತೆಗೆ ಬ್ಯಾಟರಿ ಮೋಟಾರೂ ಇರುವ ಹೈಬ್ರಿಡ್ ವಿಮಾನ ಮಾಡಲು ಹೊರಟವರ ಕಣ್ಣಿರುವುದೂ ಇಂಥ ದಾರಿಗಳ ಮೇಲೆಯೇ.

ಈ ಭಾಗದ ವಿಮಾನದ ಕಥೆ ಹಳೆಯದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಬಾಂಬೆಯ ಜುಹುವಿನಲ್ಲಿ ಇಳಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಕರಾಚಿ–ಬಾಂಬೆ ನಡುವೆ ಅಹಮದಾಬಾದಿನಲ್ಲಿ ಪೆಟ್ರೋಲ್ ಬಂದಿದ್ದು ಎತ್ತಿನ ಗಾಡಿಯಲ್ಲಂತೆ! ಎಣ್ಣೆಯ ಗುಣವೇ ಅದು. ಡಬ್ಬಿಯಲ್ಲಿ ತಂದು ಸುರಿದರೂ ಆಯಿತು. ಹಾರುತ್ತಾ ಹೋದಂತೆ ವಿಮಾನ ಹಗುರಾಗುತ್ತದೆ. ಬ್ಯಾಟರಿ ಖಾಲಿಯಾದರೂ ತೂಕ ಇಳಿಯುವುದಿಲ್ಲ.

ಸಣ್ಣ ಊರುಗಳಿಗೆಂದು 1981ರಲ್ಲಿ ಶುರುವಾದ ವಾಯುದೂತ್ ಎಂಬ ಸರ್ಕಾರಿ ಕಂಪನಿ 19 ಸೀಟಿನ ಡಾರ್ನಿಯರ್ ವಿಮಾನ ಹಾರಿಸಿ ನಷ್ಟದಲ್ಲೇ ಮುಳುಗಿತು. ಆಮೇಲೆ 2016ರಲ್ಲಿ ಸಣ್ಣ ಊರುಗಳ ವಿಮಾನಕ್ಕೆಂದೇ ಉಡಾನ್ ಯೋಜನೆ ಬಂತು. ನಷ್ಟದ ಒಂದು ಪಾಲನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಆಮೇಲೆ? ಅಲ್ಲೇ ಅಲ್ವಾ ತೊಂದರೆ. ಇಂಧನದ ಖರ್ಚು ಇಳಿದರೆ ಮಾರ್ಗ ಉಳಿದೀತು ಎಂಬ ಆಸೆ ಹುಟ್ಟಿದ್ದು ಇಲ್ಲಿ.

ಈಗ ಲೆಕ್ಕ. 70 ಸೀಟಿನ ಎಟಿಆರ್ 72 ಇಷ್ಟು ದೂರಕ್ಕೆ ಸುಮಾರು 650 ಕೆ.ಜಿ. ಇಂಧನ ಸುಡುತ್ತದೆ. ಒಂದು ಕೆ.ಜಿ.ಯಲ್ಲಿ ಹತ್ತಿರ ಹತ್ತಿರ 12 ಯೂನಿಟ್ ಶಕ್ತಿ. ಇಂದಿನ ಒಳ್ಳೆಯ ಬ್ಯಾಟರಿಯಲ್ಲಿ ಕಾಲು ಯೂನಿಟ್. ಅಷ್ಟೇ ಶಕ್ತಿಯಲ್ಲಿ ಮೋಟಾರು ಎಂಜಿನ್‌ಗಿಂತ ಮೂರು ಪಟ್ಟು ಕೆಲಸ ಮಾಡುತ್ತದೆ, ನಿಜ. ಆದರೂ ಅಷ್ಟೇ ಕೆಲಸಕ್ಕೆ 10 ಟನ್ ಬ್ಯಾಟರಿ ಬೇಕು. ಆ ವಿಮಾನ ಹೊರುವ ಜನ, ಸಾಮಾನು ಎಲ್ಲ ಸೇರಿ ಏಳೂವರೆ ಟನ್. ಬ್ಯಾಟರಿಯನ್ನೇ ಹುಬ್ಬಳ್ಳಿಗೆ ಕರೆದೊಯ್ದಂತೆ!

ಹಾಗಾಗಿಯೇ ಎರಡನ್ನೂ ಬೆರೆಸುವ ಹೈಬ್ರಿಡ್. ಏರ್‌ಬಸ್, ರೋಲ್ಸ್ ರಾಯ್ಸ್, ಸೀಮೆನ್ಸ್ ಸೇರಿ 2017ರಲ್ಲಿ ಇ-ಫ್ಯಾನ್ ಎಕ್ಸ್ ಎಂಬ ಪ್ರಯೋಗದ ವಿಮಾನ ಘೋಷಿಸಿದವು. ವಿಮಾನದ ನಾಲ್ಕು ಎಂಜಿನ್‌ಗಳಲ್ಲಿ ಒಂದನ್ನು ತೆಗೆದು 2 ಮೆಗಾವಾಟ್ ಮೋಟಾರು ಕೂರಿಸುವ ಯೋಚನೆ. 2020ರಲ್ಲಿ, ಹಾರುವ ಮೊದಲೇ, ಕೈಬಿಟ್ಟರು. ಸ್ವೀಡನ್ನಿನ ಹಾರ್ಟ್ ಏರೋಸ್ಪೇಸ್ 2022ರಲ್ಲಿ 19 ಸೀಟಿನ ಪೂರ್ತಿ ಬ್ಯಾಟರಿ ವಿಮಾನ ಬಿಟ್ಟು 30 ಸೀಟಿನ ಹೈಬ್ರಿಡ್‌ಗೆ ಹೊರಳಿತು. ಬರೀ ಬ್ಯಾಟರಿಯಲ್ಲಿ 200 ಕಿ.ಮೀ., ಹೈಬ್ರಿಡ್ ಆದರೆ 400 ಎಂಬುದು ಅವರು ಹೇಳಿದ ಮಾತು. ಹುಬ್ಬಳ್ಳಿಗೆ ಅಳೆದು ಕೊಟ್ಟಂತಿದೆ.

ಇನ್ನು ಬ್ಯಾಟರಿಯ ಆಯಸ್ಸು. ಸಣ್ಣ ಮಾರ್ಗದ ವಿಮಾನ ದಿನಕ್ಕೆ ಆರೇಳು ಸಲ ಏರಿಳಿಯುತ್ತದೆ, ಪ್ರತಿ ಸಲವೂ ಬ್ಯಾಟರಿ ಒಂದಿಷ್ಟು ಸವೆಯುತ್ತದೆ. ಇಟಲಿಯ ಟೆಕ್ನಾಮ್ 2023ರಲ್ಲಿ ತನ್ನ ಬ್ಯಾಟರಿ ವಿಮಾನದ ಯೋಜನೆ ನಿಲ್ಲಿಸಿದ್ದು ಇದಕ್ಕೇ. ಕೆಲವು ನೂರು ಹಾರಾಟಕ್ಕೆಲ್ಲ ಬ್ಯಾಟರಿ ಬದಲಿಸಬೇಕಾಗುತ್ತದೆ ಎಂದಿತು ಕಂಪನಿ. ಉಳಿಸಿದ ಇಂಧನದ ದುಡ್ಡು ಅಲ್ಲಿಗೇ ಹೋಯಿತು.

ಮುಂಬೈನಿಂದ ಹಾರಿಸಬಹುದಲ್ವಾ ಎಂದರೆ, ಅಲ್ಲಿ ಒಂದನ್ನೊಂದು ಅಡ್ಡ ಹಾಯುವ ಎರಡು ರನ್‌ವೇ. 180 ಜನರ ವಿಮಾನಕ್ಕೇ ಜಾಗ ಸಾಲದಾಗ 30 ಜನಕ್ಕೆ ಯಾರು ಕೊಡುತ್ತಾರೆ? ಪುಣೆ, ಗೋವಾದ ಮೋಪಾ ಪರವಾಗಿಲ್ಲ. ಮೋಪಾದಿಂದ ಫ್ಲೈ91 ಕಂಪನಿ ಎಟಿಆರ್ ಹಾರಿಸುತ್ತಲೂ ಇದೆ. ನನ್ನ ಮಟ್ಟಿಗೆ, ಮೊದಲು ಬರುವುದು ಪೂರ್ತಿ ಹೊಸ ವಿಮಾನವಲ್ಲ. ಇಂಥದೇ ಹಳೆಯ ವಿಮಾನದ ಎಂಜಿನ್‌ಗೆ ಮೇಲೇರುವಾಗ ಮಾತ್ರ ಕೈಜೋಡಿಸುವ ಮೋಟಾರು. ಮಳೆಗಾಲದಲ್ಲಿ ಹುಬ್ಬಳ್ಳಿಯ ಮೇಲೆ ಮೋಡ ಕವಿದು ಬೆಳಗಾವಿಗೆ ತಿರುಗಬೇಕಾದರೆ ಎಣ್ಣೆಯೇ ಗತಿ.