ಭೂತಾನಿನ ಹಳ್ಳಿ ಓಟು: ಮನೆಗೊಂದರಿಂದ ಆಳಿಗೊಂದಕ್ಕೆ

ಭೂತಾನಿನಲ್ಲಿ ಚುನಾವಣೆ ಬಂತೆಂದರೆ ರಾಜಧಾನಿ ಥಿಂಪುವಿನಿಂದ ಜನ ಊರಿನ ಬಸ್ಸು ಹತ್ತುತ್ತಾರೆ. ಥಿಂಪುವಿನಲ್ಲಿ ಎಷ್ಟೇ ವರ್ಷ ಇದ್ದರೂ ಹೆಸರು ಊರಿನ ದಾಖಲೆಯಲ್ಲಿದ್ದರೆ ಓಟು ಅಲ್ಲಿಯೇ. ಪೂರ್ವದ ತ್ರಾಶಿಗಾಂಗ್ ಕಡೆಯವರಿಗೆ ಬೆಟ್ಟದ ರಸ್ತೆಯೇ ದಿನಗಟ್ಟಲೆ. ರಸ್ತೆ ಮುಗಿದ ಮೇಲೆ ನಡೆಯಬೇಕಾದ ಊರುಗಳೂ ಇವೆ.

ಆ ಊರಿನ ಚುನಾವಣಾ ಹೆಸರು ಚಿವೋಗ್. ಐದರಿಂದ ಎಂಟು ಚಿವೋಗ್ ಸೇರಿದರೆ ಒಂದು ಗೆವೋಗ್. ಅಂಥ 205 ಗೆವೋಗ್‌ಗಳು 20 ಜಿಲ್ಲೆಗಳಲ್ಲಿ ಹಂಚಿಹೋಗಿವೆ. ಜಿಲ್ಲೆಗೆ ಅಲ್ಲಿನವರು ಜೊಂಗ್‌ಖಾಗ್ ಅನ್ನುತ್ತಾರೆ. ಜೊಂಗ್ ಎಂದರೆ ಕೋಟೆ. 17ನೇ ಶತಮಾನದಲ್ಲಿ ಶಬ್‌ದ್ರುಂಗ್ ಙವಾಂಗ್ ನಾಮ್‌ಗ್ಯಾಲ್ ಕಣಿವೆಗಳನ್ನು ಒಂದು ಮಾಡಿದಾಗ ಕಟ್ಟಿಸಿದ್ದು ಇಂಥ ಕೋಟೆಗಳನ್ನೇ. ಒಂದೇ ಗೋಡೆಯೊಳಗೆ ಮಠವೂ ಇತ್ತು, ಕಚೇರಿಯೂ ಇತ್ತು. ಈಗಲೂ ಬಹುತೇಕ ಕಡೆ ಹಾಗೇ ಇದೆ.

ಗೆವೋಗ್‌ನ ಮುಖ್ಯಸ್ಥ ಗುಪ್. ಹಿಂದೆ ಅವನು ಬಂದರೆ ಜನರಿಗೆ ಖುಷಿಯಾಗುವಂಥದ್ದೇನೂ ಇರಲಿಲ್ಲ. ಕಂದಾಯಕ್ಕೆ ದವಸ, ಬೆಣ್ಣೆ, ಬಟ್ಟೆ ಕೊಡಬೇಕು, ಬಿಟ್ಟಿ ದುಡಿಮೆಗೆ ಮನೆಯಿಂದ ಆಳು ಕಳಿಸಬೇಕು. ಲೆಕ್ಕವೆಲ್ಲ ಮನೆಗಿಷ್ಟು ಎಂದು. ಓಟು ಬಂದಾಗಲೂ ಅದೇ ಲೆಕ್ಕ ಮುಂದುವರಿಯಿತು: ಮನೆಗೊಂದು ಓಟು. ಮನೆಯಲ್ಲಿ ಎಂಟು ಜನರಿದ್ದರೂ ಒಂದೇ.

ಈ ಬದಲಾವಣೆಯನ್ನು ಅರಮನೆಯೇ ತಂದಿತು. ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ 1981ರಲ್ಲಿ ಜಿಲ್ಲಾ ಅಭಿವೃದ್ಧಿ ಸಮಿತಿಗಳನ್ನು, 1991ರಲ್ಲಿ ಗೆವೋಗ್ ಸಮಿತಿಗಳನ್ನು ಮಾಡಿದರು. 2002ರಲ್ಲಿ ಮನೆಗೊಂದು ಓಟು ಹೋಗಿ, ವಯಸ್ಕರೆಲ್ಲ ಗುಟ್ಟಾಗಿ ಓಟು ಹಾಕಿ ಗುಪ್‌ನನ್ನು ಆರಿಸಿದರು. ಸಂಸತ್ತಿನ ಚುನಾವಣೆಗೆ ಇನ್ನೂ ಐದಾರು ವರ್ಷ ಇತ್ತು! ಅದಕ್ಕೂ ಮೊದಲು, 2007ರಲ್ಲಿ, ಜನರಿಗೆ ರೂಢಿಯಾಗಲಿ ಅಂತ ಸುಮ್ನೆ ಒಂದು ಅಣಕು ಚುನಾವಣೆ ನಡೆಸಿದರು. ಹಳದಿ, ಕೆಂಪು, ಹಸಿರು, ನೀಲಿ ಎಂದು ನಾಲ್ಕು ಹುಸಿ ಪಕ್ಷಗಳು. 47ರಲ್ಲಿ 46 ಸೀಟು ಹಳದಿಗೆ. ಹಳದಿ ದೊರೆಯ ಬಣ್ಣ, ಬೇರೇನು ಆಗುತ್ತಿತ್ತು ಅಲ್ವಾ?

2008ರಲ್ಲಿ ಸಂವಿಧಾನ, 2009ರಲ್ಲಿ ಸ್ಥಳೀಯ ಸರ್ಕಾರ ಕಾಯ್ದೆ ಬಂದವು. ಅದರಡಿ ಹಳ್ಳಿಗಳು ಮೊದಲು ಓಟು ಹಾಕಿದ್ದು 2011ರ ಜೂನ್ 27ರಂದು. ಆರಿಸಬೇಕಾದವರು ಗುಪ್, ಅವರ ಕೈಕೆಳಗೆ ಉಪಮುಖ್ಯಸ್ಥ ಮಂಗ್ಮಿ, ಚಿವೋಗ್‌ಗೊಬ್ಬ ಪ್ರತಿನಿಧಿ ತ್ಶೋಗ್‌ಪಾ. ಪಕ್ಷಗಳಿಗೆ ಇಲ್ಲಿ ಜಾಗವಿಲ್ಲ. ಭಿಕ್ಷುಗಳಿಗೆ ಓಟೇ ಇಲ್ಲ. ಧರ್ಮ ರಾಜಕೀಯಕ್ಕಿಂತ ಮೇಲಿರಬೇಕು ಎಂಬುದು ಅಲ್ಲಿನ ನಿಯಮ. ಒಬ್ಬನೇ ಅಭ್ಯರ್ಥಿ ಇದ್ದರೂ ಅವಿರೋಧ ಆಯ್ಕೆ ಇಲ್ಲ. ಬೇಕೋ ಬೇಡವೋ ಎಂದು ಊರವರು ಓಟು ಹಾಕಿಯೇ ಹೇಳಬೇಕು.

ನಿಲ್ಲುವವರಿಗೆ ಓದು ಬರಹದ ಪರೀಕ್ಷೆಯೂ ಇದೆ. ನನಗೆ ಕಾಣುವಂತೆ ತೊಡಕು ಇರುವುದು ಇಲ್ಲಿಯೇ. ಊರಲ್ಲೇ ಉಳಿದ ಹಿರಿಯರಲ್ಲಿ ಓದು ಬಾರದವರು ಜಾಸ್ತಿ. ಓದಿದವರು ಥಿಂಪುವಿನಲ್ಲಿದ್ದಾರೆ. ಆ ಮೊದಲ ಸಲವೇ ಎಷ್ಟೋ ಚಿವೋಗ್‌ಗಳಲ್ಲಿ ತ್ಶೋಗ್‌ಪಾ ಆಗಲು ಯಾರೂ ಸಿಗದೆ, ಮತ್ತೆ ಚುನಾವಣೆ ಕರೆಯಬೇಕಾಯಿತು.