ಒಬ್ಬರು ಮಾರೋಣ ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ: ಪಾಲಿನ ಮನೆ ಮತ್ತು 1893ರ ವಿಭಜನಾ ಕಾಯ್ದೆ

ಈ ಪಾಠ ನನಗೆ ಮೊದಲ ಸಲ ತಲೆಗೆ ಹತ್ತಲೇ ಇಲ್ಲ. ಒಂದು ಮನೆಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಒಂದು 30×40 ಸೈಟು, ಅದರಲ್ಲಿ ಅಪ್ಪ ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ ಮನೆ ಅಂತ ಇಟ್ಟುಕೊಳ್ಳಿ. ಹಿಂದೂ ಕುಟುಂಬ. ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಅಮ್ಮ, ದೊಡ್ಡ ಮಗ, ಚಿಕ್ಕ ಮಗ, ಮಗಳು ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಾಲ್ವರಿಗೂ ತಲಾ ಕಾಲು ಪಾಲು. (ಅಪ್ಪನ ತಾಯಿ ಬದುಕಿದ್ದರೆ ಐದು ಪಾಲು. ಪರೀಕ್ಷೆಯಲ್ಲಿ ಎಲ್ಲರೂ ಅಜ್ಜಿಯನ್ನೇ ಮರೆಯುವುದು!) ಖಾತೆ ದೊಡ್ಡ ಮಗನ ಹೆಸರಿನಲ್ಲಿದ್ದರೂ ಇದು ಬದಲಾಗುವುದಿಲ್ಲ, ಖಾತೆ ಇರುವುದು ತೆರಿಗೆ ಕಟ್ಟುವುದಕ್ಕೆ, ಅದರಿಂದ ಮಾಲೀಕತ್ವ ಬರುವುದಿಲ್ಲ.

ಇಲ್ಲಿ ಸುಮ್ನೆ ಆ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಮಗಳಿಗೆ ಪಾಲು ಬಂತು ಅಂತ ಬರೆದುಬಿಡಬೇಡಿ. ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ 1956ರಿಂದಲೂ ಸಮಪಾಲು ಇತ್ತು. ಆದರೆ ಅದೇ ಕಾಯ್ದೆಯಲ್ಲಿ 23ನೇ ಕಲಂ ಅಂತ ಒಂದು ಇತ್ತು. ಮನೆಯವರೇ ಪೂರ್ತಿ ವಾಸವಿರುವ ಮನೆಯಾದರೆ, ಗಂಡುಮಕ್ಕಳು ಭಾಗ ಮಾಡಿಕೊಳ್ಳಲು ಹೊರಡುವವರೆಗೆ ಹೆಣ್ಣುಮಕ್ಕಳು ಭಾಗ ಕೇಳುವ ಹಾಗಿರಲಿಲ್ಲ. 2005ರಲ್ಲಿ ಆ ಕಲಂ ಹೋಯಿತು. ಅಂದರೆ ಪಾಲು ಮೊದಲೇ ಇತ್ತು, ಬಾಯಿಬಿಟ್ಟು ಕೇಳುವ ಹಕ್ಕು ಆಮೇಲೆ ಬಂತು.

ಈಗ ಜಗಳಕ್ಕೆ ಬರೋಣ. ಚಿಕ್ಕ ಮಗ ಬೆಂಗಳೂರಿನಲ್ಲಿದ್ದಾನೆ, ಮಾರೋಣ ಅನ್ನುತ್ತಾನೆ. ಅಮ್ಮ ಮತ್ತು ದೊಡ್ಡ ಮಗ ಅದೇ ಮನೆಯಲ್ಲಿದ್ದಾರೆ, ಬೇಡ ಅನ್ನುತ್ತಾರೆ. ಕ್ರಯಪತ್ರಕ್ಕೆ ಸಹಿ ಹಾಕಿ ಅಂತ ಯಾರೂ ಯಾರನ್ನೂ ಬಲವಂತ ಮಾಡುವಂತಿಲ್ಲ. ಆದರೆ ವಿಭಾಗ ಕೇಳಿ ದಾವಾ ಹಾಕಬಹುದು. ನ್ಯಾಯಾಲಯ ಮೊದಲು ನೋಡುವುದು ಮನೆಯನ್ನೇ ಒಡೆದು ಹಂಚಲು ಆಗುತ್ತದೆಯೇ ಅಂತ. 1200 ಚದರ ಅಡಿಯನ್ನು ನಾಲ್ಕು ಮಾಡಿದರೆ ತಲಾ 300, ಅಡುಗೆಮನೆ ಒಂದು, ಮೆಟ್ಟಿಲು ಒಂದು. ಆಗಲ್ಲ ಅಲ್ವಾ?

ಆಗ ಬರುವುದು 1893ರ ಕಾಯ್ದೆಯ 2ನೇ ಕಲಂ. ಭಾಗ ಮಾಡುವುದು ಕಷ್ಟ, ಮಾರಿ ಹಣ ಹಂಚುವುದೇ ಎಲ್ಲರಿಗೂ ಜಾಸ್ತಿ ಅನುಕೂಲ ಅಂತ ಕಂಡರೆ ನ್ಯಾಯಾಲಯ ಮಾರಾಟಕ್ಕೆ ಆದೇಶ ಕೊಡಬಹುದು. ಆದರೆ ಹಾಗೆ ಕೇಳುವವರ ಪಾಲು ಒಟ್ಟು ಸೇರಿ ಅರ್ಧವೋ ಅದಕ್ಕಿಂತ ಹೆಚ್ಚೋ ಇರಬೇಕು. ಚಿಕ್ಕ ಮಗ ಒಬ್ಬನೇ ಹೋದರೆ ಕಾಲು ಪಾಲು, ಸಾಲದು. ತಂಗಿ ಅವನ ಜೊತೆ ಸೇರಿದರೆ ಸರಿಯಾಗಿ ಅರ್ಧ. ಇಡೀ ಲೆಕ್ಕ ಅವಳ ಕೈಯಲ್ಲಿದೆ.

ಹಾಗಾದರೆ ದೊಡ್ಡ ಮಗ ಸೋತನೇ? ಇಲ್ಲ, ನನಗೆ ತುಂಬಾ ಹಿಡಿಸಿದ್ದು ಇಲ್ಲಿಂದ ಮುಂದಿನ ಭಾಗ. 3ನೇ ಕಲಂ ಪ್ರಕಾರ, ಮಾರಾಟ ಕೇಳಿದವರ ಪಾಲನ್ನು ನಾನೇ ಕೊಳ್ಳುತ್ತೇನೆ ಅಂತ ಉಳಿದ ಪಾಲುದಾರರು ಅರ್ಜಿ ಹಾಕಬಹುದು. ಬೆಲೆಯನ್ನು ನ್ಯಾಯಾಲಯವೇ ಕಟ್ಟಿಸುತ್ತದೆ, ಅಣ್ಣ ಹೇಳಿದ ಕಡಿಮೆ ರೇಟೂ ಅಲ್ಲ, ತಮ್ಮ ಬ್ರೋಕರ್ ಹತ್ತಿರ ಕೇಳಿಕೊಂಡು ಬಂದ ರೇಟೂ ಅಲ್ಲ. ಮನೆ 80 ಲಕ್ಷ ಅಂತ ನಿಂತರೆ ಇಬ್ಬರ ಪಾಲಿಗೆ 40 ಲಕ್ಷ. ಅಷ್ಟು ಕೊಟ್ಟರೆ ಮನೆ ಉಳಿಯಿತು. ಅರ್ಜಿ ಹಾಕಿ, ಬೆಲೆ ಕಟ್ಟಿಸಿ, ಆಮೇಲೆ ದುಡ್ಡಿಲ್ಲ ಅಂದರೆ ಆ ಅರ್ಜಿಯ ಖರ್ಚೆಲ್ಲ ಅವನ ತಲೆಗೆ.

ತಮ್ಮನೂ ಜಾರಿಕೊಳ್ಳುವ ಹಾಗಿಲ್ಲ. ಅಣ್ಣ ಕೊಳ್ಳಲು ಬಂದ, ನನ್ನ ದಾವಾ ವಾಪಸ್ ತಗೋತೀನಿ ಅಂದರೆ ನಡೆಯುವುದಿಲ್ಲ, 1972ರಲ್ಲಿ ರಾಮಮೂರ್ತಿ ಅಯ್ಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿತು. ಮಾರಾಟ ಕೇಳುವ ಮುಂಚೆ ಎರಡು ಸಲ ಯೋಚಿಸಬೇಕು ಅನ್ನುವುದು ಇದಕ್ಕೇ.

ಸರಿ, ತಮ್ಮ ಕೋಪದಲ್ಲಿ ತನ್ನ ಕಾಲು ಪಾಲನ್ನು ಹೊರಗಿನವರಿಗೆ ಮಾರಿದರೆ? ಮಾರಬಹುದು. ಆದರೆ ಕೊಂಡವನು ಬಂದು ಹಾಲ್‌ನಲ್ಲಿ ಕೂರುವಂತಿಲ್ಲ, ಅವಿಭಕ್ತ ಕುಟುಂಬದ ವಾಸದ ಮನೆಗೆ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಂ ಅಡ್ಡ ನಿಲ್ಲುತ್ತದೆ. ಅವನು ವಿಭಾಗಕ್ಕೆ ದಾವಾ ಹಾಕಿದರೆ 1893ರ ಕಾಯ್ದೆಯ 4ನೇ ಕಲಂ ಹಿಡಿದು ಮನೆಯವರು ಅವನ ಪಾಲನ್ನು ಕೊಂಡುಕೊಳ್ಳಬಹುದು. ಜೊತೆಗೆ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ, ಮೊದಲು ಕೊಳ್ಳುವ ಹಕ್ಕು ಸಹ ವಾರಸುದಾರರಿಗೆ. ಇಷ್ಟೆಲ್ಲ ತಲೆನೋವು ಇರುವ ಕಾಲು ಪಾಲಿಗೆ ಯಾರು ಪೂರ್ತಿ ಬೆಲೆ ಕೊಡುತ್ತಾರೆ ಹೇಳಿ?

ರಾಜಿಯ ಬಗ್ಗೆ ಪುಸ್ತಕದಲ್ಲಿ ಒಂದು ಪ್ಯಾರಾ ಇರುತ್ತದೆ ಅಷ್ಟೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಪ್ರಕಾರ ನ್ಯಾಯಾಲಯ ಮಧ್ಯಸ್ಥಿಕೆಗೋ ಲೋಕ ಅದಾಲತ್‌ಗೋ ಕಳಿಸಬಹುದು. ಲೋಕ ಅದಾಲತ್‌ನಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಫೀ ವಾಪಸ್, ಮೇಲ್ಮನವಿ ಇಲ್ಲ. ದಾವಾ ಹಾಕದೆ ಮನೆಯಲ್ಲೇ ಒಪ್ಪಿಕೊಂಡು ತಂಗಿ 20 ಲಕ್ಷ ತೆಗೆದುಕೊಂಡು ಅಣ್ಣನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರೆ ಅದನ್ನು ನೋಂದಣಿ ಮಾಡಿಸಲೇಬೇಕು, ಬರೀ ಛಾಪಾ ಕಾಗದದ ಮೇಲೆ ಸಹಿ ಸಾಲದು. ಮತ್ತೆ ಗಮನಿಸಿ, ಅವಳು ಹೀಗೆ ಬಿಟ್ಟುಕೊಟ್ಟ ದಿನ ತಮ್ಮ ಮತ್ತೆ ಕಾಲು ಪಾಲಿನವನು, 2ನೇ ಕಲಂ ಅವನ ಕೈತಪ್ಪಿತು.